ಹಳೆಯ ಶಾಯಿ ಪೆನ್ನಿಗೆ ತ್ವರಿತ ಅಂಟು ಬಿದ್ದರೆ: ಬಿಡಿಸುವ ಕ್ರಮ, ಸರಿಯಾದ ರಿಪೇರಿ

ಕೆನರಾ ಬ್ಯಾಂಕು, ಕಾರ್ಪೊರೇಶನ್ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಹುಟ್ಟಿದ್ದು ಮಂಗಳೂರು, ಉಡುಪಿಗಳಲ್ಲಿ. ಲೆಡ್ಜರ್ ಬರೆದೇ ಬದುಕು ಕಟ್ಟಿಕೊಂಡ ತಲೆಮಾರುಗಳ ಮನೆಗಳಲ್ಲಿ ಹಳೆಯ ಶಾಯಿ ಪೆನ್ನು ಸಿಕ್ಕರೆ ಅಚ್ಚರಿಯಿಲ್ಲ. ಸಿಕ್ಕ ಪೆನ್ನಿನ ಮುಚ್ಚಳದ ಬಾಯಿ ಸೀಳಿರುತ್ತದೆ, ಇಲ್ಲವೇ ಶಾಯಿ ಜಿನುಗುತ್ತದೆ. ಮನೆಯಲ್ಲಿರುವ ಫೆವಿಕ್ವಿಕ್ ತರಹದ ಅಂಟನ್ನು ಒಂದು ಹನಿ ಹಾಕಿದರಾಯಿತು ಅನ್ನಿಸುತ್ತದೆ. ಆ ಹನಿ ನೀರಿಗಿಂತ ತುಸುವೇ ದಪ್ಪ. ಸೀಳಿನಲ್ಲಿ ನಿಲ್ಲದೆ ತಿರುಪಿನ ಗೆರೆಗಳೊಳಗೆ ತಾನಾಗಿ ಹರಿದು ಹೋಗುತ್ತದೆ. ಆಮೇಲೆ ಮುಚ್ಚಳ ತಿರುಗುವುದಿಲ್ಲ.

ಈ ಅಂಟು, ಅಂದರೆ ಸಯನೋಆಕ್ರಿಲೇಟ್, ಗಟ್ಟಿಯಾಗುವುದು ಗಾಳಿಯಿಂದಲ್ಲ, ತೇವದಿಂದ. ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ, ಹಾಗಾಗಿ ಭಾಗಗಳನ್ನು ಹೊಂದಿಸಿಕೊಳ್ಳುವ ಮೊದಲೇ ಅದು ಹಿಡಿದುಬಿಡುತ್ತದೆ. ಅದರ ಆವಿಯೂ ಹತ್ತಿರದ ಮೇಲ್ಮೈಯಲ್ಲಿ ಕುಳಿತು ಬಿಳಿ ಮಂಜಿನಂಥ ಪದರವಾಗುತ್ತದೆ. ಇಷ್ಟಾದರೂ ಪೆನ್ನಿನಲ್ಲಿ ಅದರ ಬಾಳಿಕೆ ಕಡಿಮೆ. ಗಟ್ಟಿಯಾದ ಮೇಲೆ ಅದು ಗಾಜಿನಂತೆ ಪೆಡಸು, ಮುಚ್ಚಳ ಹಾಕಿ ತೆಗೆಯುವ ಎಳೆತಕ್ಕೆ ಬಿರಿಯುತ್ತದೆ. ಸದಾ ಶಾಯಿಯಲ್ಲಿ ನೆನೆಯುವ ಜಾಗದಲ್ಲಿ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಬಿಡಿಸುವವರಿಗೆ ನೆರವಾಗುವುದು ಇದೇ ಎರಡು ದೌರ್ಬಲ್ಯ.

ಅಂಟು ಇನ್ನೂ ಹಸಿಯಾಗಿದ್ದರೆ

ಆ ಕ್ಷಣವೇ ಮುಚ್ಚಳವನ್ನು ತಿರುಗಿಸಿ ಬೇರ್ಪಡಿಸಿ. ನಿಬ್ಬಿನ ಭಾಗವನ್ನೂ ಕೊಳವೆಯಿಂದ ಬಿಚ್ಚಿಡಿ. ಹತ್ತಿಯಿಂದ ಅಥವಾ ಹತ್ತಿ ಬಟ್ಟೆಯಿಂದ ಒರೆಸಲೇಬೇಡಿ: ಹಸಿ ಅಂಟು ಹತ್ತಿಗೆ ತಾಗಿದರೆ ಸರ್ರನೆ ಬಿಸಿಯಾಗುತ್ತದೆ, ಹೆಚ್ಚು ಅಂಟಿದ್ದರೆ ಹೊಗೆಯೂ ಬರುತ್ತದೆ, ಬೆರಳು ಸುಡುತ್ತದೆ. ಪೆನ್ನು ಸೆಲ್ಯುಲಾಯ್ಡ್, ಅಂದರೆ ಬೇಗ ಹತ್ತಿಕೊಳ್ಳುವ ಹಳೆಯ ಬಗೆಯ ಪ್ಲಾಸ್ಟಿಕ್, ಆಗಿದ್ದರೆ ಆ ಬಿಸಿ ಇನ್ನೂ ಅಪಾಯ. ಒರೆಸಲು ಹೋದರೆ ಅಂಟು ಹರಡುವುದೂ ಖಂಡಿತ. ಭಾಗಗಳನ್ನು ಬಿಡಿಬಿಡಿಯಾಗಿ ಪಾಲಿಥೀನ್ ಹಾಳೆಯ ಮೇಲಿಟ್ಟು ಪೂರ್ತಿ ಒಂದು ದಿನ ಬಿಡಿ. ಒಣಗಿದ ಅಂಟನ್ನು ತೆಗೆಯುವುದು ಅರೆಬರೆ ಒಣಗಿದ್ದನ್ನು ತೆಗೆಯುವುದಕ್ಕಿಂತ ಸುಲಭ.

ಪೆನ್ನು ಯಾವುದರದ್ದು ಎಂದು ತಿಳಿಯುವುದು

ಇಡೀ ಕೆಲಸದಲ್ಲಿ ಆತುರ ಸಲ್ಲದ ಹಂತ ಇದು. ಗಟ್ಟಿಯಾದ ಅಂಟನ್ನು ಕರಗಿಸಲು ಸುಲಭವಾಗಿ ಸಿಗುವ ದ್ರವ ಅಸಿಟೋನ್. ಅದೇ ಅಸಿಟೋನ್ ಸೆಲ್ಯುಲಾಯ್ಡನ್ನೂ ಕರಗಿಸುತ್ತದೆ, ಅಕ್ರಿಲಿಕ್ಕಿನ ಮೇಲೆ ಕೂದಲೆಳೆಯಂಥ ಬಿರುಕು ಎಬ್ಬಿಸುತ್ತದೆ. ಪೆನ್ನು ಹಾಳಾಗುವುದು ಹೆಚ್ಚಾಗಿ ಅಂಟಿನಿಂದಲ್ಲ, ಅಂಟು ತೆಗೆಯಲು ಸುರಿದ ನೈಲ್ ಪಾಲಿಶ್ ರಿಮೂವರಿನಿಂದ.

ಪೆನ್ನಿನ ಕೊಳವೆಯನ್ನು ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ ಕೂಡಲೇ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್; ಅದರ ತಯಾರಿಕೆಯಲ್ಲೇ ಕರ್ಪೂರ ಸೇರಿರುತ್ತದೆ. ಗಂಧಕದ, ಸುಟ್ಟ ರಬ್ಬರಿನ ವಾಸನೆ ಬಂದರೆ ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ರಾಜಮಹೇಂದ್ರಿಯ ರತ್ನಂ ಪೆನ್ನುಗಳು ಈ ಜಾತಿಯವು. ಡ್ರಾಪರಿನಲ್ಲಿ ಶಾಯಿ ತುಂಬುವ ನಮ್ಮ ದೇಶದ ಹಳೆಯ ಕಪ್ಪು ಪೆನ್ನುಗಳಲ್ಲೂ ಬಹಳಷ್ಟು ಎಬೊನೈಟಿನವೇ. ಯಾವ ವಾಸನೆಯೂ ಇಲ್ಲದೆ ಮೇಲ್ಮೈ ನುಣುಪಾಗಿದ್ದರೆ ಅಕ್ರಿಲಿಕ್ ಅಥವಾ ಬೇರೆ ಪ್ಲಾಸ್ಟಿಕ್ ಎಂದುಕೊಳ್ಳಿ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರ ಕೊಳವೆ ಅಕ್ರಿಲಿಕ್; ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಅದರ ಹತ್ತಿರ ಅಸಿಟೋನ್ ಸುಳಿಯಬಾರದು.

ಇನ್ನೂ ಅನುಮಾನವಿದ್ದರೆ ಕಣ್ಣಿಗೆ ಬೀಳದ ಜಾಗದಲ್ಲಿ, ಉದಾಹರಣೆಗೆ ಕೊಳವೆಯ ಒಳಅಂಚಿನಲ್ಲಿ, ಅಸಿಟೋನಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯ ತುದಿಯನ್ನು ಒಂದು ಸೆಕೆಂಡು ತಾಗಿಸಿ ತೆಗೆಯಿರಿ. ಜಾಗ ಜಿಗುಟಾದರೆ, ಹೊಳಪು ಕುಂದಿದರೆ ಅಥವಾ ಕಡ್ಡಿಗೆ ಪೆನ್ನಿನ ಬಣ್ಣ ಬಂದರೆ ಆ ಪೆನ್ನಿಗೆ ಅಸಿಟೋನ್ ನಿಷಿದ್ಧ. ಕಪ್ಪು ಎಬೊನೈಟ್ ತುಸು ಕಂದು ಬಿಡಬಹುದು, ಆದರೆ ಜಿಗುಟಾಗುವುದಿಲ್ಲ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ; ಚಿನ್ನದ ಕೆಲಸದವರು, ವಾಚು ರಿಪೇರಿಯವರು ಬಳಸುವಂಥದ್ದು. ಹಿಡಿತಕ್ಕೆ ಹಳೆಯ ಸೈಕಲ್ ಟ್ಯೂಬಿನ ಎರಡು ತುಂಡು. ಶುದ್ಧ ಅಸಿಟೋನ್ 100 ಮಿಲಿ, ಗಾಜಿನ ಬಾಟಲಿಯಲ್ಲಿ. ರಿಮೂವರಿನಲ್ಲಿ ಎಣ್ಣೆ, ಬಣ್ಣ, ಸುಗಂಧ ಬೆರೆತಿರುವುದರಿಂದ ಅದು ಬೇಡ. ಹೇರ್ ಡ್ರೈಯರ್. 1000, 1500, 2000 ನಂಬರಿನ ವಾಟರ್ ಪೇಪರ್, ಸಿಕ್ಕಿದರೆ 4000ದಿಂದ 12000ದವರೆಗಿನ ಮೈಕ್ರೋಮೆಶ್ ಎಂಬ ತೀರ ನಯವಾದ ಉಜ್ಜುವ ಹಾಳೆ. ಸಿಲಿಕೋನ್ ಗ್ರೀಸ್ ಒಂದು ಚಿಕ್ಕ ಡಬ್ಬಿ. ಕೆರೆಯಲು ಹಿಡಿಸೂಡಿ ಕಡ್ಡಿ: ತುದಿಯನ್ನು ಉಳಿಯಂತೆ ಓರೆಯಾಗಿ ಕತ್ತರಿಸಿದ ತೆಂಗಿನ ಗರಿಯ ಕಡ್ಡಿ ತಿರುಪಿನ ಗೆರೆಯೊಳಗೆ ಹೋಗುವಷ್ಟು ತೆಳು, ಅಂಟನ್ನು ಎಬ್ಬಿಸುವಷ್ಟು ಗಟ್ಟಿ, ಎಬೊನೈಟಿಗೆ ಗೀರು ಹಾಕದಷ್ಟು ಮೆತು. ಉಕ್ಕಿನ ಸೂಜಿ, ಬ್ಲೇಡು ದೂರವಿರಲಿ.

ಅಸಿಟೋನ್ ಥಟ್ಟನೆ ಹತ್ತಿಕೊಳ್ಳುವ ದ್ರವ, ಸೆಲ್ಯುಲಾಯ್ಡೂ ಹಾಗೆಯೇ ಧಗ್ಗನೆ ಉರಿಯುತ್ತದೆ. ಕಿಟಕಿ ತೆರೆದಿರಲಿ. ದೇವರ ದೀಪ, ಸೊಳ್ಳೆ ಬತ್ತಿ, ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ಈ ಕೆಲಸ ಬೇಡ. ಅಸಿಟೋನ್ ಹಾಕಿದ ಭಾಗಕ್ಕೆ ಅರ್ಧ ಗಂಟೆ ಗಾಳಿಯಾಡಿಸದೆ ಹೇರ್ ಡ್ರೈಯರ್ ಹಿಡಿಯಲೇಬೇಡಿ.

ಕಚ್ಚಿಕೊಂಡ ಮುಚ್ಚಳ

ಮೊದಲು ಬಲವಿಲ್ಲದೆ ಪ್ರಯತ್ನಿಸಿ. ಕೊಳವೆಗೊಂದು, ಮುಚ್ಚಳಕ್ಕೊಂದು ಟ್ಯೂಬಿನ ತುಂಡು ಸುತ್ತಿ. ಮುಚ್ಚಳವನ್ನು ಬಾಯಿಯ ಹತ್ತಿರ ಹಿಡಿಯಬೇಡಿ. ಸೀಳಿರುವುದು ಅಲ್ಲೇ, ಒತ್ತಿದರೆ ಸೀಳು ಬೆಳೆಯುತ್ತದೆ. ನಡುವಿನಿಂದ ಮೇಲೆ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಣ್ಣ ಸಣ್ಣ ಜರ್ಕು ಕೊಡಿ. ಒಂದೇ ಸಮನೆ ತಿರುಚುವ ಬಲಕ್ಕೆ ಈ ಅಂಟು ಜಗ್ಗುವುದಿಲ್ಲ, ಮರಳಿ ಮರಳಿ ಬರುವ ಸಣ್ಣ ಪೆಟ್ಟಿಗೆ ಒಡೆಯುತ್ತದೆ. "ಟಿಕ್" ಎಂಬ ಶಬ್ದ ಬಂದರೆ ಒಂದು ಕಡೆ ಬಿಟ್ಟಿದೆ ಎಂದರ್ಥ. ಆಗ ಜೋರು ಮಾಡದೆ ಅದೇ ಲಯದಲ್ಲಿ ಮುಂದುವರಿಸಿ. ಇಕ್ಕಳ ಬಳಸಿದರೆ ಎಷ್ಟು ಬಲ ಬೀಳುತ್ತಿದೆ ಎಂಬುದು ಕೈಗೆ ಗೊತ್ತಾಗುವುದಿಲ್ಲ.

ಬಿಡದಿದ್ದರೆ ಮುಂದಿನ ದಾರಿ ಪೆನ್ನಿನ ವಸ್ತುವನ್ನು ಅವಲಂಬಿಸಿದೆ.

ಎಬೊನೈಟ್ ಆದರೆ: ಮುಚ್ಚಳವೂ ಕೊಳವೆಯೂ ಸೇರುವ ಗೆರೆಗೆ ಸಿರಿಂಜಿನ ಸೂಜಿಯಿಂದ ಒಂದು ಹನಿ ಅಸಿಟೋನ್ ಬಿಡಿ. ಪೆನ್ನನ್ನು ನಿಧಾನವಾಗಿ ತಿರುಗಿಸುತ್ತ ಸುತ್ತಲೂ ನಾಲ್ಕೈದು ಹನಿ ಸಾಕು. ಹತ್ತು ನಿಮಿಷ ಬಿಟ್ಟು ಮತ್ತೆ ಜರ್ಕು, ಮತ್ತೆ ಹನಿ. ಗಟ್ಟಿಯಾದ ಅಂಟು ಅಸಿಟೋನಿನಲ್ಲಿ ಮೊದಲು ಉಬ್ಬಿ ರಬ್ಬರಿನಂತಾಗಿ ಆಮೇಲೆ ಕರಗುತ್ತದೆ, ಅದಕ್ಕೆ ಸಮಯ ಬೇಕು. ಹತ್ತು ಹನ್ನೆರಡು ಸುತ್ತು ಆಗಬಹುದು. ಬೇಸರಿಸಿ ಇಡೀ ಪೆನ್ನನ್ನು ಅಸಿಟೋನಿನಲ್ಲಿ ಮುಳುಗಿಸಿದರೆ ಮೇಲ್ಮೈ ಮಂಕಾಗುತ್ತದೆ. ಎಬೊನೈಟನ್ನು ಬಿಸಿನೀರಿನಲ್ಲಿ ನೆನೆಹಾಕುವುದೂ ತಪ್ಪು: ಬೆಳಕಿಗೆ ಬಿದ್ದು ಹಳತಾದ ಕಪ್ಪು ಮೈ ನೀರು ತಾಗಿದೊಡನೆ ಕಂದು ಹಸಿರಿಗೆ ತಿರುಗುತ್ತದೆ, ಕಳೆದ ಕಪ್ಪು ಮರಳಿ ಬರುವುದಿಲ್ಲ.

ಸೆಲ್ಯುಲಾಯ್ಡ್ ಆದರೆ: ಒಣ ಬಿಸಿ. ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು ಒಂದು ಗೇಣು ದೂರದಿಂದ ಹಿಡಿದು, ಪೆನ್ನನ್ನು ನಿಲ್ಲಿಸದೆ ತಿರುಗಿಸುತ್ತಿರಿ. 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು, 60 ದಾಟಬಾರದು. ಅದಕ್ಕಿಂತ ಮೇಲೆ ಸೆಲ್ಯುಲಾಯ್ಡ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳೇ ಅಳತೆ: ಬಿಡದೆ ಹಿಡಿದುಕೊಳ್ಳಲು ಆಗದಷ್ಟು ಬಿಸಿಯಾದರೆ ಮಿತಿ ಮೀರಿದೆ. ಇಷ್ಟು ಬಿಸಿಗೆ ಅಂಟು ಕರಗುವುದಿಲ್ಲ. ಪೆನ್ನು ತುಸು ಹಿಗ್ಗುತ್ತದೆ, ಪೆಡಸಾದ ಅಂಟು ಅದರೊಟ್ಟಿಗೆ ಹಿಗ್ಗಲಾರದೆ ಬಿರಿಯುತ್ತದೆ. ಆಗಲೇ ಜರ್ಕು ಕೊಡಬೇಕು. ತಣಿಯಲು ಬಿಟ್ಟು ಮತ್ತೆ ಬಿಸಿ ಮಾಡಿ. ಕೆಲವರು ಫ್ರೀಜರಿನಲ್ಲಿ ಇಡಲು ಹೇಳುತ್ತಾರೆ. ಅಂಟು ಪೆಡಸಾಗುವುದು ನಿಜ, ಆದರೆ ಹಳೆಯ ಸೆಲ್ಯುಲಾಯ್ಡೂ ಪೆಡಸಾಗುತ್ತದೆ. ಸೀಳಿರುವ ಮುಚ್ಚಳಕ್ಕೆ ಅದು ಬೇಡ.

ಅಕ್ರಿಲಿಕ್ ಆದರೆ: ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಕೆಲವು ಹನಿ ಹಾಕಿ, ಮುಚ್ಚಳದ ಕಡೆಯನ್ನು ರಾತ್ರಿಯಿಡೀ ಮುಳುಗಿಸಿಡಿ. ಎರಡು ಮೂರು ರಾತ್ರಿ ಬೇಕಾಗಬಹುದು. ಅಕ್ರಿಲಿಕ್ಕಿಗೆ ನೀರಿನಿಂದ ತೊಂದರೆಯಿಲ್ಲ. ಲೋಹದ ಕ್ಲಿಪ್ಪು ನೀರಿನಿಂದ ಹೊರಗಿರಲಿ.

ನಿಬ್ಬು, ನಾಲಿಗೆ

ನಾಲಿಗೆ ಎಂದರೆ ನಿಬ್ಬಿನ ಅಡಿಯಲ್ಲಿದ್ದು ಅದಕ್ಕೆ ಶಾಯಿ ತಲುಪಿಸುವ ತುಂಡು. ಅಂಟು ಇಲ್ಲಿಗೆ ಬಂದಿದ್ದರೆ ಶಾಯಿ ಹರಿಯುವ ದಾರಿಯೇ ಮುಚ್ಚಿರುತ್ತದೆ. ನಿಬ್ಬನ್ನು ತುದಿ ಹಿಡಿದು ಎಳೆಯಬೇಡಿ. ಅದು ಕೂರುವ ಕೊರಳಿನ ಭಾಗವನ್ನು ಕೊಳವೆಯಿಂದ ಬಿಚ್ಚಿ, ರಂಧ್ರ ಕೊರೆದ ಮರದ ತುಂಡಿನ ಮೇಲೆ ನಿಬ್ಬು ಕೆಳಮುಖವಾಗಿ ರಂಧ್ರದೊಳಗೆ ಇಳಿಯುವಂತೆ ನಿಲ್ಲಿಸಿ. ಹಿಂದಿನಿಂದ 3 ಮಿಲಿಮೀಟರ್ ದಪ್ಪದ ಹಿತ್ತಾಳೆ ಅಥವಾ ಬಿದಿರಿನ ಕಡ್ಡಿ ತೂರಿಸಿ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ನಿಬ್ಬೂ ನಾಲಿಗೆಯೂ ಒಟ್ಟಿಗೆ ಹೊರಬರುತ್ತವೆ. ಕೊಳವೆಯೊಳಗೆ ಶಾಯಿ ತುಂಬಿಕೊಳ್ಳುವ ರಬ್ಬರ್ ಚೀಲವಿರುವ ಪೆನ್ನಾದರೆ ಚೀಲವನ್ನು ಮೊದಲೇ ತೆಗೆದಿರಬೇಕು.

14 ಕ್ಯಾರೆಟ್ ಚಿನ್ನದ ನಿಬ್ಬಿಗೂ ಉಕ್ಕಿನ ನಿಬ್ಬಿಗೂ ಅಸಿಟೋನಿನಿಂದ ಏನೂ ಆಗುವುದಿಲ್ಲ. ಬೇರ್ಪಟ್ಟ ನಿಬ್ಬನ್ನು ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ಗಂಟೆಗಟ್ಟಲೆ ಬಿಡಬಹುದು. ನಾಲಿಗೆಯ ವಿಷಯ ಬೇರೆ. ಎಬೊನೈಟ್ ನಾಲಿಗೆಯಾದರೆ ಹದಿನೈದು ನಿಮಿಷಕ್ಕೊಮ್ಮೆ ಹೊರತೆಗೆದು ಕಡ್ಡಿಯಿಂದ ಶಾಯಿ ಹರಿಯುವ ಗೆರೆಗಳನ್ನು ಸ್ವಚ್ಛ ಮಾಡಿ ಮತ್ತೆ ಹಾಕಿ. ಪ್ಲಾಸ್ಟಿಕ್ ನಾಲಿಗೆಯಾದರೆ ಅಸಿಟೋನ್ ಬಾಟಲಿಯಲ್ಲೇ ಕರಗಿ ಹೋಗಬಹುದು, ಅದನ್ನು ಕಡ್ಡಿಯಿಂದಲೇ ಬಿಡಿಸಬೇಕು. ನಿಬ್ಬಿನ ಸೀಳಿನೊಳಗೆ 0.05 ಮಿಲಿಮೀಟರ್ ದಪ್ಪದ ಹಿತ್ತಾಳೆ ಹಾಳೆಯನ್ನು ಎರಡು ಸಲ ಓಡಿಸಿ. ಅಗಲಿಸುವುದಕ್ಕಲ್ಲ, ಉಳಿದ ಚೂರು ಹೊರಹಾಕುವುದಕ್ಕೆ. ಜೋಡಿಸಿದ ಮೇಲೆ ನಿಬ್ಬಿನ ಎರಡು ತುದಿಗಳು ಒಂದೇ ಮಟ್ಟದಲ್ಲಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ತಿರುಪಿನ ಗೆರೆಗಳು

ಮುಚ್ಚಳ ಬಿಟ್ಟಿತೆಂದು ಸಂತೋಷಪಟ್ಟು ಹಾಗೆಯೇ ಮತ್ತೆ ಹಾಕಬೇಡಿ. ಗೆರೆಯಲ್ಲಿ ಉಳಿದ ಅಂಟಿನ ಹರಳು ಮುಚ್ಚಳವನ್ನು ಒಳಗಿನಿಂದ ಹಿಗ್ಗಿಸಿ ಹೊಸ ಸೀಳು ತರುತ್ತದೆ. ರಿಪೇರಿಯಾದ ಪೆನ್ನು ತಿಂಗಳೊಳಗೆ ಮತ್ತೆ ಒಡೆಯಲು ಬಹುಪಾಲು ಇದೇ ಕಾರಣ. ಹಿಡಿಸೂಡಿ ಕಡ್ಡಿಯಿಂದ ಒಂದೊಂದೇ ಗೆರೆಯನ್ನು ಸುತ್ತಲೂ ಕೆರೆಯಿರಿ. ಹೊರಗಿನ ಗೆರೆಗಳಿಗೆ ದಪ್ಪ ಹತ್ತಿ ನೂಲು ಒಳ್ಳೆಯದು: ನೂಲನ್ನು ಗೆರೆಯೊಳಗೆ ಒಂದು ಸುತ್ತು ಸುತ್ತಿ, ಎರಡು ತುದಿ ಹಿಡಿದು ಮೊಸರು ಕಡೆಯುವಂತೆ ಅತ್ತಿತ್ತ ಎಳೆದರೆ ಕೂತಿದ್ದು ಏಳುತ್ತದೆ. ಎಬೊನೈಟ್ ಆದರೆ ನೂಲಿಗೆ ಒಂದು ಹನಿ ಅಸಿಟೋನ್ ಹಚ್ಚಬಹುದು. ಮುಚ್ಚಳದ ಒಳಗೆ ಟಾರ್ಚ್ ಬಿಟ್ಟು ನೋಡಿ. ಹೊಳೆಯುವ ಚುಕ್ಕೆ ಕಂಡಲ್ಲಿ ಇನ್ನೂ ಅಂಟಿದೆ.

ಮೈಮೇಲಿನ ಕಲೆ

ಬಿಳಿ ಮಂಜು ಮೇಲ್ಪದರ ಮಾತ್ರ. ಕಾರಿಗೆ ಹಚ್ಚುವ ನಯವಾದ ಪಾಲಿಶ್ ಮೆತು ಬಟ್ಟೆಯಲ್ಲಿ ತೆಗೆದುಕೊಂಡು ಉಜ್ಜಿದರೆ ಹೋಗುತ್ತದೆ. ಹನಿಯಾಗಿ ಕುಳಿತ ಅಂಟಿಗೆ ಸುತ್ತಲೂ ಮಾಸ್ಕಿಂಗ್ ಟೇಪು ಅಂಟಿಸಿ, 1000 ನಂಬರಿನ ವಾಟರ್ ಪೇಪರಿನ ಚಿಕ್ಕ ತುಂಡನ್ನು ಕಡ್ಡಿಗೆ ಸುತ್ತಿ ಹನಿಯ ನೆತ್ತಿಯನ್ನಷ್ಟೇ ಉಜ್ಜಿ. ಪೆನ್ನಿನ ಮೈ ಮಟ್ಟಕ್ಕೆ ಬಂದಾಗ ಟೇಪು ತೆಗೆದು 1500, 2000, ಆಮೇಲೆ ಮೈಕ್ರೋಮೆಶ್. ಎಬೊನೈಟ್ ಪೆನ್ನಾದರೆ ನೀರಿನ ಬದಲು ಒಂದು ಹನಿ ಮಿನರಲ್ ಎಣ್ಣೆ ಹಾಕಿಕೊಂಡು ಉಜ್ಜಿ. ಮೈಮೇಲೆ ಅಲೆಗೆರೆಯ ಕೆತ್ತನೆ ಅಥವಾ ಅಚ್ಚೊತ್ತಿದ ಕಂಪನಿಯ ಹೆಸರಿದ್ದರೆ ಅಲ್ಲಿ ಕಾಗದ ತಾಗಿಸಲೇಬಾರದು. ಹಳೆಯ ಪೆನ್ನಿನ ಗುರುತಿರುವುದೇ ಅದರಲ್ಲಿ; ಅದನ್ನು ಉಜ್ಜಿ ಹೊಳಪು ತರುವುದಕ್ಕಿಂತ ಕಲೆಯೊಡನೆ ಉಳಿಸಿಕೊಳ್ಳುವುದು ಮೇಲು.

ಈಗ ನಿಜವಾದ ರಿಪೇರಿ

ಅಂಟು ಹಾಕಲು ಕಾರಣವಾದ ಮೂಲ ತೊಂದರೆ ಇನ್ನೂ ಅಲ್ಲೇ ಇದೆ.

ಸೆಲ್ಯುಲಾಯ್ಡ್ ಮುಚ್ಚಳದ ಸೀಳಿಗೆ ಹೊರಗಿನ ಅಂಟೇ ಬೇಡ. ಹಾನಿ ಮಾಡುವ ಅದೇ ಅಸಿಟೋನ್ ಇಲ್ಲಿ ಮದ್ದು. ಸೀಳಿನೊಳಗಿನ ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆದ ಮೇಲೆ, ತೀರ ಸಣ್ಣ ಕುಂಚದ ತುದಿಯಿಂದ ಹನಿಯ ಒಂದಂಶವನ್ನು ಸೀಳಿನ ಬಾಯಿಗೆ ತಾಗಿಸಿ. ಅದು ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಎರಡೂ ಅಂಚು ಮೆತ್ತಗಾದೊಡನೆ ಬೆರಳಿನಿಂದ ಒತ್ತಿ ಸೇರಿಸಿ, ನೂಲು ಸುತ್ತಿ ಕಟ್ಟಿ. ಕರಗಿದ ಅಂಚುಗಳು ಬೆಸೆದು ಒಂದಾಗುತ್ತವೆ. ಕನಿಷ್ಠ ಒಂದು ವಾರ ಮುಟ್ಟಬೇಡಿ, ಮಳೆಗಾಲದಲ್ಲಿ ಎರಡು ವಾರ. ಒಳಗಿನ ಅಸಿಟೋನ್ ಆವಿಯಾಗಿ ಹೋಗುವ ಮೊದಲು ಉಜ್ಜಿದರೆ ಆ ಜಾಗ ಆಮೇಲೆ ಕುಗ್ಗಿ ತಗ್ಗಾಗುತ್ತದೆ.

ಎಬೊನೈಟ್ ಹೀಗೆ ಬೆಸೆಯುವುದಿಲ್ಲ. ಅದಕ್ಕೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್‌ನ ಎರಡೂ ಟ್ಯೂಬುಗಳಿಂದ ಸಮಪ್ರಮಾಣ ತೆಗೆದು, ಎಬೊನೈಟ್ ಪುಡಿ ಬೆರೆಸಿ ಸೀಳಿಗೆ ತುಂಬಿ, ಇಡೀ ದಿನ ಬಿಡಬೇಕು. ಸೀಳು ಬಾಯಿಯಂಚಿನವರೆಗೆ ಬಂದಿದ್ದರೆ ಅಷ್ಟೂ ಸಾಲದು. ಚಿನ್ನ ಬೆಳ್ಳಿಯ ಕೆಲಸ ಮಾಡುವವರಲ್ಲಿ ಮುಚ್ಚಳದ ಬಾಯಿಗೆ ತೆಳುವಾದ ಬೆಳ್ಳಿ ಪಟ್ಟಿ ಹಾಕಿಸುವುದು ಬಾಳಿಕೆಯ ದಾರಿ. ಪಟ್ಟಿಯನ್ನು ಬಿಸಿ ಮಾಡಿ ಕೂರಿಸಬಾರದೆಂದು ಮೊದಲೇ ಹೇಳಿ.

ಜಿನುಗುವ ಪೆನ್ನಿಗೆ ಕೊರಳನ್ನು ಅಂಟಿಸಿದ್ದರೆ ಆ ಅಂಟು ಬೇಕಾಗಿರಲೇ ಇಲ್ಲ. ಡ್ರಾಪರ್ ಪೆನ್ನಿನಲ್ಲಿ ಶಾಯಿ ಅರ್ಧಕ್ಕಿಂತ ಕೆಳಗಿಳಿದಾಗ, ಒಳಗಿನ ಗಾಳಿ ಕೈಬಿಸಿಗೆ ಹಿಗ್ಗಿ ಶಾಯಿಯನ್ನು ನಿಬ್ಬಿನಿಂದ ಹೊರತಳ್ಳುತ್ತದೆ. ಬೇಸಗೆಯ ಸೆಕೆಗೆ ಇದು ಇನ್ನೂ ಹೆಚ್ಚು. ಶಾಯಿ ಕಾಲು ಭಾಗಕ್ಕೆ ಇಳಿಯುವ ಮೊದಲೇ ತುಂಬಿಸಿಕೊಂಡರೆ ಈ ತೊಂದರೆ ಬಹುಪಾಲು ನಿಲ್ಲುತ್ತದೆ. ತಿರುಪಿನಿಂದಲೇ ಜಿನುಗುತ್ತಿದ್ದರೆ ಗೆರೆಗಳಿಗೆ ಸಿಲಿಕೋನ್ ಗ್ರೀಸ್ ಅಕ್ಕಿಕಾಳಿನ ಗಾತ್ರದಷ್ಟು ಹಚ್ಚಿ. ವ್ಯಾಸಲೀನ್ ರಬ್ಬರನ್ನು ಕೆಡಿಸುತ್ತದೆ. ಚೀಲವಿರುವ ಪೆನ್ನಿನ ಹತ್ತಿರ ಅದು ಬರಬಾರದು.

ಅಂಟು ಬೇಕೇ ಬೇಕಾದ ಜಾಗ ಒಂದಿದೆ: ರಬ್ಬರ್ ಚೀಲವನ್ನು ಕೊರಳಿನ ಹಿಂಭಾಗಕ್ಕೆ ಕೂರಿಸುವಲ್ಲಿ. ಅಲ್ಲಿ ಅರಗೇ ಸರಿ. ಪಾರ್ಕರ್ 51ರಲ್ಲಿ ನಿಬ್ಬನ್ನು ಮುಚ್ಚಿರುವ ಮುಸುಕನ್ನು ಕೂರಿಸುವುದಕ್ಕೂ ಅದೇ. ಅರಗು ಶಾಯಿಗೆ ಕರಗುವುದಿಲ್ಲ, ಹೇರ್ ಡ್ರೈಯರಿನ ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟಿನಲ್ಲಿ ಕರಗುತ್ತದೆ. ಮುಂದಿನ ತಲೆಮಾರಿನವರು ಪೆನ್ನನ್ನು ಒಡೆಯದೆ ಬಿಚ್ಚಬಹುದು. ಆಭರಣದೊಳಗೆ ತುಂಬುವ ಅರಗು ಬೇಡ, ಅದರಲ್ಲಿ ಬೇರೆ ಪುಡಿಗಳು ಬೆರೆತಿರುತ್ತವೆ. ಮರಗೆಲಸದವರು ಫ್ರೆಂಚ್ ಪಾಲಿಶಿಗೆ ಬಳಸುವ, ಚಕ್ಕೆಯಾಗಿ ಸಿಗುವ ಶುದ್ಧ ಅರಗು 10 ಗ್ರಾಂ, ಸ್ಪಿರಿಟ್ 25 ಮಿಲಿ, ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ. ಜೇನಿನ ಹದಕ್ಕೆ ಬರಬೇಕು. ಬಳಸುವ ಮೊದಲು ಗಾಜಿನ ಮೇಲೆ ಒಂದು ಹನಿ ಒಣಗಿಸಿ ನೋಡಿ: ಮಾರನೆಯ ದಿನವೂ ಜಿಗುಟಾಗಿದ್ದರೆ ದ್ರಾವಣ ಹಳತಾಗಿದೆ, ಚೆಲ್ಲಿ. ಮಳೆಗಾಲದಲ್ಲಿ ಅರಗು ಒಣಗುವಾಗ ತೇವ ಹೀರಿ ಬೆಳ್ಳಗಾಗುತ್ತದೆ, ಹಾಗಾಗಿ ಅಂಟಿಸಿದ ಭಾಗವನ್ನು ಸಿಲಿಕಾ ಜೆಲ್ ಪೊಟ್ಟಣಗಳಿರುವ ಡಬ್ಬಿಯಲ್ಲಿ ಇಡಿ.

ಚೀಲದ ನಂಬರು ಅದರ ಅಗಲವನ್ನು ಇಂಚಿನ ಅರವತ್ತನಾಲ್ಕನೇ ಭಾಗಗಳಲ್ಲಿ ಹೇಳುತ್ತದೆ. 16ನೇ ನಂಬರು ಎಂದರೆ ಕಾಲು ಇಂಚು, ಸುಮಾರು 6.35 ಮಿಲಿಮೀಟರ್. ಕೊಳವೆಯ ತಳಕ್ಕೆ ತಾಗದಂತೆ 3-4 ಮಿಲಿಮೀಟರ್ ಕಡಿಮೆ ಉದ್ದಕ್ಕೆ ಕತ್ತರಿಸಿ, ಅರಗು ಹಚ್ಚಿ ಕೂರಿಸಿ, ಒಂದು ರಾತ್ರಿ ಒಣಗಿದ ಮೇಲೆ ಹೊರಮೈಗೆ ಸುಗಂಧವಿಲ್ಲದ ಟಾಲ್ಕ್ ಪುಡಿ ಸವರಿ ಒಳಗಿಡಿ. ಹಳೆಯ ಚೀಲಕ್ಕೆ ತ್ವರಿತ ಅಂಟು ತಾಗಿದ್ದರೆ ಅದನ್ನು ಉಳಿಸುವ ಯೋಚನೆ ಬೇಡ, ಆ ಜಾಗ ಗಡುಸಾಗಿ ಮಡಚಿದಾಗ ಹರಿಯುತ್ತದೆ.

ಪರೀಕ್ಷೆ

ಮೊದಲು ನೀರು ತುಂಬಿ. ಗಾಜಿನ ಲೋಟದ ತಳಕ್ಕೆ ಟಿಶ್ಯೂ ಕಾಗದ ಹಾಕಿ, ಪೆನ್ನನ್ನು ನಿಬ್ಬು ಕೆಳಗಾಗಿ ಒಂದು ರಾತ್ರಿ ನಿಲ್ಲಿಸಿ. ಟಿಶ್ಯೂ ನಿಬ್ಬಿನ ತುದಿಗೆ ತಾಗುವಂತಿರಬಾರದು, ತಾಗಿದರೆ ಅದೇ ನೀರು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಎರಡು ಮೂರು ಹನಿ ಬಿದ್ದಿದ್ದರೆ ಚಿಂತೆಯಿಲ್ಲ. ಕೊರಳಿನ ಸಂದಿಯಲ್ಲಿ ತೇವ ಕಂಡರೆ ಬಿಚ್ಚಿ ಮತ್ತೆ ಗ್ರೀಸ್ ಹಚ್ಚಿ. ಆಮೇಲೆ ಶಾಯಿ: ಕ್ಯಾಮ್ಲಿನ್ ರಾಯಲ್ ಬ್ಲೂನಂಥ ಸುಲಭವಾಗಿ ತೊಳೆದು ಹೋಗುವ ಬಣ್ಣ ಮೊದಲ ತಿಂಗಳಿಗೆ ಸಾಕು. ಒಳಗೆ ಅಂಟಿನ ಚೂರೇನಾದರೂ ಉಳಿದಿದ್ದರೆ ಶಾಯಿ ತಡೆತಡೆದು ಬರುತ್ತದೆ, ಆಗ ಬಿಚ್ಚಿ ತೊಳೆಯುವುದು ಹಗುರ. ಮುಚ್ಚಳವನ್ನು ತಿರುಪು ತಾಗುವವರೆಗೆ ಮಾತ್ರ ತಿರುಗಿಸಿ, ಬಿಗಿಯಬೇಡಿ. ಬರೆಯುವಾಗ ಪೆನ್ನಿನ ಹಿಂದಕ್ಕೂ ಅದನ್ನು ಸಿಕ್ಕಿಸಬೇಡಿ, ಬೆಸೆದ ಸೀಳಿನ ಮೇಲೆ ಹೆಚ್ಚು ಎಳೆತ ಬೀಳುವುದು ಅಲ್ಲಿ.